ಮೆಟ್ಟಿಲ ಕೆಳಗಿನ ಕುದುರೆ

ವುಡ್‌ಬ್ರಿಡ್ಜ್, ನ್ಯೂಜೆರ್ಸಿ
18 ಮೇ 2025

ಚಿ. ಇಂಚರಾಗೆ ಅಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ, ನಿಮ್ಮಪ್ಪ ಚೆನ್ನಾಗಿದ್ದಾರೆ, ನನ್ನ ಸೊಂಟ ಮಾತ್ರ ಚೆನ್ನಾಗಿಲ್ಲ. ಇದೇನಪ್ಪಾ, ಒಂದು ಗಂಟೆ ದೂರದಲ್ಲಿರುವ ಅಮ್ಮ ಸ್ಟ್ಯಾಂಪ್ ಹಚ್ಚಿ ಕಾಗದ ಹಾಕಿದ್ದಾಳೆ, ಯಾರಿಗೇನಾಯಿತೋ ಅಂತ ಗಾಬರಿ ಬೀಳಬೇಡ. ಇದು ನಿಮ್ಮಪ್ಪನ ಐಡಿಯಾ. "ಭಾನು, ನೀವಿಬ್ಬರೂ ಫೋನ್ ಎತ್ತಿದ್ರೆ ಹಲೋ ಅನ್ನೋದೊಂದೇ ಸಮಾಧಾನದ ಮಾತು. ಅವಳಿಗೆ ಕಾಗದ ಬರಿ. ಕಾಗದದಲ್ಲಿ ಕಿರುಚೋಕಾಗಲ್ಲ, ಮಧ್ಯದಲ್ಲಿ ಕಟ್ ಮಾಡೋಕೂ ಆಗಲ್ಲ" ಅಂದರು. ಅಂದ ಹಾಗೆ, ಯುಗಾದಿ ದಿನ ನಾನು ಫೋನ್ ಇಟ್ಟಿದ್ದು ಕೋಪಕ್ಕಲ್ಲ. ಒಲೆ ಮೇಲೆ ಹೋಳಿಗೆ ಸೀಯುತ್ತಿತ್ತು.

ಹತ್ತು ವರ್ಷದವಳು ನೀನು ಮೈಸೂರು ಬಿಟ್ಟು ಇಲ್ಲಿಗೆ ಬಂದಾಗ. ದಿನಾ ಸಂಜೆ ಒಂದು ಪುಟ ಕನ್ನಡ ಕಾಪಿ ಬರೆಸುತ್ತಿದ್ದೆ. "ಅಮ್ಮ, ಯೂ ಆರ್ ಎ ಡಿಕ್ಟೇಟರ್" ಅಂತ ಅಳುತ್ತಿದ್ದೆ. ಈಗ ನೋಡು, ಆ ಡಿಕ್ಟೇಟರ್ ಬರೆದ ಕಾಗದ ಓದಲು ನಿನಗೆ ಯಾರ ಸಹಾಯವೂ ಬೇಡ.

ವಿಷಯಕ್ಕೆ ಬರುತ್ತೇನೆ. ಈ ಸಲದ ನವರಾತ್ರಿಗೆ ಗೊಂಬೆ ಜೋರಾಗಿ ಕೂರಿಸುವುದು ಅಂತ ತೀರ್ಮಾನ ಮಾಡಿದ್ದೇನೆ. ಮೆಟ್ಟಿಲ ಮೇಲೆ ಎಂದಿನಂತೆ ಪಟ್ಟದ ಗೊಂಬೆ, ದಶಾವತಾರ, ಶೆಟ್ಟಿ ಅಂಗಡಿ ಎಲ್ಲಾ ಇರುತ್ತೆ. ಪಕ್ಕದಲ್ಲಿ ಹಂಪಿಯ ಮಹಾನವಮಿ ದಿಬ್ಬ. ರಾಯ ಮೇಲೆ ಕೂತು ಮೆರವಣಿಗೆ ನೋಡುತ್ತಿರಬೇಕು, ಕೆಳಗೆ ಆನೆ, ಕುದುರೆ, ಕುಣಿಯುವವರು. ನಮ್ಮ ಮೈಸೂರು ದಸರಾ ಬಂದದ್ದೇ ಅಲ್ಲಿಂದ ಅಲ್ಲವೇ? ಹೈಸ್ಕೂಲಿನಲ್ಲಿ ಹದಿನೈದು ವರ್ಷ ಚರಿತ್ರೆ ಪಾಠ ಮಾಡಿದವಳು ನಾನು, ಬಂದವರಿಗೆ ಐದು ನಿಮಿಷ ವಿವರಣೆಯನ್ನೂ ಕೊಡೋಣ ಅಂತಿದ್ದೇನೆ. ಪಕ್ಕದ ಬೀದಿಯ ರೇಣು ಗೊಂಬೆಗಳಿಗೆ ಬಟ್ಟೆ ಹೊಲಿಯುತ್ತಾಳೆ. ಅದೇ ಬೀದಿಯ ಶ್ಯಾಮ್ ಮರದ ದಿಬ್ಬ ಕಟ್ಟುತ್ತಾನೆ, ಅವನ ಹೆಂಡತಿ ಲಾವಣ್ಯಾ ಬಣ್ಣ ಹೊಡೆಯುತ್ತಾಳೆ. ಎಲ್ಲರಿಗೂ ನನ್ನ ಕೈಕೆಳಗೆ ಕೆಲಸ ಮಾಡಲು ಬಲು ಖುಷಿ.

ನೀನು ಬರಬೇಕು. ಹೋದ ವರ್ಷದ್ದು ಹೋದ ವರ್ಷಕ್ಕೆ ಮುಗಿಯಿತು. ನಿನ್ನ ಸ್ನೇಹಿತ ಮಿಹಿರ್ ಮಣ್ಣಿನಲ್ಲಿ ಮಾಡಿ ತಂದ ಕುದುರೆಯನ್ನು ನಾನು ಮೆಟ್ಟಿಲ ಮೇಲಿಂದ ತೆಗೆದು ಕೆಳಗೆ ಸರಿಸಿದ್ದು ನಿಜ. ಆದರೆ ಕಣ್ಣೇ ಇಲ್ಲದ ಗೊಂಬೆಯನ್ನು ಪಟ್ಟದ ಗೊಂಬೆ ಎದುರಿಗೆ ಯಾರಾದರೂ ಇಡುತ್ತಾರೇನೆ? ಅರ್ಧ ಮಾಡಿದ ಕೆಲಸ! ಅಷ್ಟಕ್ಕೇ ಆರತಿಗೂ ನಿಲ್ಲದೆ ಅವನ ಕೈ ಹಿಡಿದು ಹೊರಟುಹೋದೆ. ಆಮೇಲೆ ಒಂದು ಸಲವೂ ಈ ಮನೆ ಹೊಸಿಲು ತುಳಿದಿಲ್ಲ.

ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ನವರಾತ್ರಿ ಶುರು. ಬರುತ್ತೀಯಾ?

ಇಂತಿ,
ಅಮ್ಮ

ಜ್ಯಾಕ್ಸನ್ ಹೈಟ್ಸ್
7 ಜೂನ್ 2025

ಅಮ್ಮಾ,

ನಿನ್ನ ಕಾಗದ ಬಂದಾಗ ಮೇಲ್‌ಬಾಕ್ಸ್ ಹತ್ತಿರ ನಿಂತುಕೊಂಡೇ ಓದಿದೆ. ಕೆಳಗಿನ ಮನೆ ಆಂಟಿ "ಊರಿಂದಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ವುಡ್‌ಬ್ರಿಡ್ಜ್ ಅಂದರೆ ನಗ್ತಾರೆ.

ಇಲ್ಲಿ ಎಲ್ಲ ಆರಾಮು. ಸ್ಕೂಲಲ್ಲಿ ನನ್ನ ಹತ್ತಿರ ಸ್ಪೀಚ್ ಥೆರಪಿಗೆ ಬರೋ ಮಕ್ಕಳಲ್ಲಿ ಒಬ್ಬಳು ಈ ವಾರ ಮೊದಲನೇ ಸಲ ಒಂದು ಪೂರ್ತಿ ವಾಕ್ಯ ಹೇಳಿದಳು. ಏನು ಗೊತ್ತಾ? "ಸ್ಟಾಪ್ ಹೆಲ್ಪಿಂಗ್ ಮಿ." ನಿನ್ನ ನೆನಪಾಗಿ ನಕ್ಕುಬಿಟ್ಟೆ. ಬಿಲ್ಡಿಂಗ್ ಲಾಂಡ್ರಿ ಮೆಷಿನ್ ಮತ್ತೆ ಕೆಟ್ಟಿದೆ. ನಾನೂ ಮಿಹಿರ್ ಮುಂದಿನ ಮೇ ತಿಂಗಳಲ್ಲಿ ಮದುವೆ ಆಗೋಣ ಅಂತಿದ್ದೀವಿ. ಮಾವಿನಹಣ್ಣಿನ ಬಾಕ್ಸ್ ಬಂದಿದೆ, ಈ ಸಲ ಸಿಹಿ ಇದೆ.

ಗೊಂಬೆ ವಿಷಯ. ಮಿಹಿರ್ ಇಲ್ಲದೆ ನಾನು ಬರಲ್ಲ. ಅವನು ಬಾ ಅಂದರೆ ಈಗಲೇ ಬರ್ತಾನೆ, ಅವನಿಗೆ ನಿನ್ನ ಮೇಲೆ ಒಂಚೂರೂ ಸಿಟ್ಟಿಲ್ಲ. ಸಿಟ್ಟಿರೋದು ನನಗೆ. ಶನಿವಾರ ಶನಿವಾರ ಪಾಟರಿ ಕ್ಲಾಸಿಗೆ ಹೋಗಿ, ಎರಡು ಕುದುರೆ ಬಿರುಕು ಬಿಟ್ಟು, ಮೂರನೇದು ಉಳಿಸಿ, ಆಗ ಅವನಿದ್ದ ಮಾರಿಸ್‌ಟೌನ್‌ನಿಂದ ತೊಡೆ ಮೇಲೆ ಇಟ್ಟುಕೊಂಡು ತಂದ. ಧಾರವಾಡದ ಮನೆಯವನು, ಅವರಲ್ಲಿ ಹೀಗೆ ಗೊಂಬೆ ಕೂರಿಸೋದಿಲ್ಲ, ಎಲ್ಲ ನನ್ನನ್ನ ಕೇಳಿ ಕೇಳಿ ಮಾಡಿದ. ನೀನು ಅಷ್ಟೂ ಹೆಂಗಸರ ಎದುರಿಗೆ "ಇದನ್ನ ಯಾರು ಇಲ್ಲಿಟ್ಟಿದ್ದು?" ಅಂದು, ಎರಡು ಬೆರಳಲ್ಲಿ ಎತ್ತಿ ಮೆಟ್ಟಿಲ ಕೆಳಗೆ ತಳ್ಳಿದೆ.

ಆ ಕುದುರೆ ಮೆಟ್ಟಿಲ ಮೇಲೆ ಇದ್ದರೆ ನಾವಿಬ್ಬರೂ ಬರ್ತೀವಿ. ಅಷ್ಟೇ ನನ್ನ ಷರತ್ತು. ಈಗ ಅದು ಎಲ್ಲಿದೆ ಅಮ್ಮಾ?

ನಿನ್ನ
ಪುಟ್ಟಿ

ವುಡ್‌ಬ್ರಿಡ್ಜ್
22 ಜೂನ್ 2025

ಚಿ. ಸೌ. ಆಗಲಿರುವ ಇಂಚರಾಗೆ ಆಶೀರ್ವಾದ.

ಅಲ್ಲ ಕಣೆ, ಮದುವೆ ಅನ್ನುವ ಮಾತನ್ನು ಲಾಂಡ್ರಿ ಮೆಷಿನ್ನಿಗೂ ಮಾವಿನಹಣ್ಣಿಗೂ ಮಧ್ಯೆ ತೂರಿಸುತ್ತಾರೇನೆ? ಮೊದಲ ಸಲ ಗಮನಿಸದೆ ಓದಿಕೊಂಡು ಹೋದೆ, ಮಾವಿನಹಣ್ಣಿಗೆ ಬಂದ ಮೇಲೆ ಏನೋ ತಪ್ಪಿದೆ ಅನ್ನಿಸಿ ಹಿಂದಕ್ಕೆ ಹೋದೆ. ನಿಮ್ಮಪ್ಪನನ್ನು ಕೂಗಿದೆ. ಅವರು ಗರಾಜಿನಿಂದ ಓಡಿಬಂದರು, ಓದಿದರು, ಕನ್ನಡಕ ಒರೆಸಿಕೊಂಡರು. ನಾನು ಶಾವಿಗೆ ಪಾಯಸ ಮಾಡಿದೆ. ಖುಷಿಯಾಯಿತು ಕಣೆ, ಅದನ್ನು ನೇರವಾಗೇ ಬರೆಯುತ್ತಿದ್ದೇನೆ, ಖುಷಿಯಾಯಿತು. ನಮ್ಮಮ್ಮ ನನ್ನ ಮದುವೆಗೆ ಕೊಟ್ಟ ರಕ್ತಚಂದನದ ಪಟ್ಟದ ಗೊಂಬೆ, ಆ ರಾಜ ರಾಣಿ ಇಬ್ಬರೂ, ಇನ್ನು ನಿನ್ನವು. ಅವರಿಗೆ ಅವರಮ್ಮ ಕೊಟ್ಟದ್ದು. ಅದಕ್ಕೇ ಈ ನವರಾತ್ರಿಗೆ ನೀನು ಇರಲೇಬೇಕು. ಕೊನೆಯ ಸಲ ಈ ಮನೆಯ ಮೆಟ್ಟಿಲ ಮೇಲೆ ನೀನೂ ನಾನೂ ಸೇರಿ ಅವುಗಳನ್ನು ಕೂರಿಸಬೇಕು.

ಕುದುರೆ ಎಲ್ಲೋ ಇದೆ. ಅದರ ಮಾತು ಆಮೇಲೆ.

ಇಲ್ಲಿ ಕೆಲಸ ಭರದಿಂದ ನಡೆದಿದೆ. ಶ್ಯಾಮ್ ಕಟ್ಟಿದ ದಿಬ್ಬ ಒಂದು ಕಡೆ ವಾಲಿತ್ತು, ಬಿಚ್ಚಿಸಿದೆ. ಮತ್ತೆ ಕಟ್ಟಿದ, ಎತ್ತರ ಜಾಸ್ತಿಯಾಯಿತು, ಬಿಚ್ಚಿಸಿದೆ. ರೇಣು ಕುಣಿಯುವ ಗೊಂಬೆಗಳಿಗೆಲ್ಲ ಗುಲಾಬಿ ಬಣ್ಣದ ಲಂಗ ಹೊಲಿದಿದ್ದಳು. ಹದಿನಾರನೇ ಶತಮಾನದಲ್ಲಿ ಇಂಥ ಗುಲಾಬಿ ಎಲ್ಲಿತ್ತೇ ಅಂತ ಕೇಳಿ ಎಲ್ಲ ಹೊಲಿಗೆ ಬಿಚ್ಚಿಸಿದೆ. ಬಣ್ಣ ಮಾಸಿದ ಗೊಂಬೆಗಳಿಗೆ ನಾನು ಕಣ್ಣು ತೀಡುತ್ತಿದ್ದಾಗ ಲಾವಣ್ಯಾ ಪಕ್ಕದಲ್ಲಿ ಕೂತು "ಆಂಟಿ, ನಾನೂ ಒಂದು ಟ್ರೈ ಮಾಡ್ಲಾ?" ಅಂದಳು. ಈ ಮನೆಯಲ್ಲಿ ಆ ಕುಂಚ ಹಿಡಿಯುವುದು ಒಂದೇ ಕೈ ಅಂತ ಹೇಳಿದೆ. ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕಳು.

ಮಹಾನವಮಿ ದಿಬ್ಬದ ನೆಪದಲ್ಲಿ ಮತ್ತೆ ಓದು ಹಿಡಿದಿದ್ದೇನೆ. ಅಚ್ಯುತರಾಯ ತೀರಿಕೊಂಡ ಮೇಲಿನ ಕಥೆ ನಿನಗೆ ನೆನಪಿದೆಯೋ ಇಲ್ಲವೋ. ಮಗ ವೆಂಕಟ ಇನ್ನೂ ಹುಡುಗ. ಅವನ ಸೋದರಮಾವ, ಸಲಕರಾಜು ತಿರುಮಲ ಅನ್ನುವವನು, ಅಧಿಕಾರ ಹಿಡಿದ. ಮಾವ ಅಂದರೆ ಕಾಯಬೇಕಾದವನು. ಅವನು ಆ ಹುಡುಗನನ್ನೇ ಕೊಲ್ಲಿಸಿ ತಾನೇ ರಾಯನಾಗಿ ಕೂತ. ಅರಮನೆ ವಂಶದವರನ್ನು ಹುಡುಕಿ ಹುಡುಕಿ ಮುಗಿಸಿದ. ಸರದಾರರು ಹೆದರಿ ಒಬ್ಬೊಬ್ಬರಾಗಿ ಊರು ಬಿಟ್ಟು ಪೆನುಕೊಂಡೆ ಕಡೆ ಹೋದರು. ಇವನು ತನ್ನವರನ್ನು ನಂಬಲಾರದೆ ಬಿಜಾಪುರದ ಆದಿಲ್ ಷಾನನ್ನೇ ಕರೆಸಿ ವಿಜಯನಗರದ ಸಿಂಹಾಸನದ ಮೇಲೆ ಕೂರಿಸಿದನಂತೆ! ಅವನ ಕೊನೆ ಮಕ್ಕಳ ಮುಂದೆ ಹೇಳುವಂಥದ್ದಲ್ಲ, ನನ್ನ ವಿವರಣೆಯಲ್ಲಿ ಅದನ್ನು ಬಿಟ್ಟಿದ್ದೇನೆ.

ಎಲ್ಲರೂ ಸಾಮ್ರಾಜ್ಯ ಬಿದ್ದದ್ದು ರಕ್ಕಸತಂಗಡಗಿ ಯುದ್ಧದಲ್ಲಿ ಅನ್ನುತ್ತಾರೆ. ಅದಾಗಿದ್ದು ಇಪ್ಪತ್ತು ವರ್ಷ ಆದ ಮೇಲೆ. ಬಿರುಕು ಬಿಟ್ಟದ್ದು ಇವನ ಕಾಲದಲ್ಲಿ ಅಂತ ನನ್ನ ಅನಿಸಿಕೆ. ನಿನಗೊಂದು ಪ್ರಶ್ನೆ, ಐದು ಅಂಕ: ಕ್ರೂರಿಯಾದ ಒಬ್ಬ ರಾಜ ಅಷ್ಟು ದೊಡ್ಡ ಸಾಮ್ರಾಜ್ಯವನ್ನು ಹೇಗೆ ಬಲಹೀನ ಮಾಡುತ್ತಾನೆ? ನುಣುಚಿಕೊಳ್ಳದೆ ಉತ್ತರ ಬರಿ.

ಇಂತಿ,
ನಿನ್ನ ಮೇಷ್ಟ್ರಮ್ಮ

ಜ್ಯಾಕ್ಸನ್ ಹೈಟ್ಸ್
13 ಜುಲೈ 2025

ಅಮ್ಮಾ,

ಪಾಯಸ ಮಾಡಿದೆ ಅಂತ ಓದಿ ಅತ್ತುಬಿಟ್ಟೆ. ಮಿಹಿರ್ "ಯಾಕ, ಏನಾತು?" ಅಂತ ಓಡಿಬಂದ. ಶಾವಿಗೆ ಪಾಯಸ ಅಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಪಕ್ಕದಲ್ಲಿ ಕೂತ.

ಉತ್ತರ ಬರೀತೀನಿ. ಕಾಪಿ ಹೊಡೆದಿಲ್ಲ, ಲೈಬ್ರರಿಗೆ ಹೋಗಿ ಒಂದಿಷ್ಟು ಓದಿದೆ.

ಖಜಾನೆ ಖಾಲಿ ಮಾಡಿ, ಸೈನಿಕರನ್ನ ಕೊಂದು ಬಲಹೀನ ಮಾಡ್ತಾನೆ ಅಂತ ಬರೆದರೆ ನೀನು ಎರಡು ಮಾರ್ಕ್ಸ್ ಕೊಡ್ತೀಯ, ಗೊತ್ತು. ನನಗನ್ನಿಸೋದು ಬೇರೆ. ಅವನ ಸುತ್ತ ಇರೋರು ನಿಜ ಹೇಳೋದು ನಿಲ್ಲಿಸ್ತಾರೆ. ಕೋಟೆ ಗೋಡೆ ವಾಲಿದೆ ಅಂತ ಒಬ್ಬನೂ ಹೇಳಲ್ಲ, ಹೇಳಿದವನ ಗತಿ ನೋಡಿರ್ತಾರೆ. ಎಲ್ಲರೂ ಮಹಾಪ್ರಭು, ಎಲ್ಲ ಸರಿಯಾಗಿದೆ ಅಂತಾರೆ. ಒಳ್ಳೆಯವರು ಜಗಳ ಆಡಲ್ಲ, ಸುಮ್ಮನೆ ಏನೋ ನೆಪ ಹೇಳಿ ಹೊರಟುಹೋಗ್ತಾರೆ. ಅವರು ಹೋದದ್ದು ತನ್ನಿಂದ ಅಂತ ಅವನಿಗೆ ಯಾವತ್ತೂ ಗೊತ್ತಾಗಲ್ಲ. ಆಮೇಲೆ ಶತ್ರು ಬಂದಾಗ ಪಕ್ಕದಲ್ಲಿ ನಿಲ್ಲೋಕೆ ಯಾರೂ ಇರಲ್ಲ. ಅಷ್ಟೇ.

ಎಷ್ಟು ಮಾರ್ಕ್ಸು?

ಲಾವಣ್ಯಾ ಆಂಟಿಗೆ ಒಂದು ಕಣ್ಣು ತೀಡೋಕೆ ಕೊಡಬಹುದಿತ್ತು ಅಮ್ಮಾ. ನಾನು ಏಳು ವರ್ಷದವಳಿದ್ದಾಗ ಆ ಕುಂಚ ಮುಟ್ಟಿ ಕೈಮೇಲೆ ಏಟು ತಿಂದಿದ್ದೆ. ಇನ್ನೂ ನೆನಪಿದೆ.

ಕುದುರೆ ಎಲ್ಲಿದೆ?

ನಿನ್ನ
ಪುಟ್ಟಿ

ವುಡ್‌ಬ್ರಿಡ್ಜ್
10 ಆಗಸ್ಟ್ 2025

ಚಿ. ಇಂಚರಾಗೆ ಆಶೀರ್ವಾದ.

ಐದಕ್ಕೆ ಮೂರು. ಭಾಷೆ ಚೆನ್ನಾಗಿದೆ, ಉದಾಹರಣೆ ಸಾಲದು. ಇಸವಿ ಒಂದೂ ಬರೆದಿಲ್ಲ.

ಇಲ್ಲಿ ನನ್ನ ಗ್ರಹಚಾರ ಕೇಳು. ರೇಣುಗೆ ಇದ್ದಕ್ಕಿದ್ದ ಹಾಗೆ ಮೊಣಕಾಲು ನೋವು. ಮೆಟ್ಟಿಲು ಹತ್ತಲಾರಳಂತೆ, ನಮ್ಮ ಬೇಸ್‌ಮೆಂಟಿಗೆ ಇಳಿಯಲಾರಳಂತೆ, ಹೊಲಿಗೆ ಮೆಷಿನ್ ತುಳಿಯುವುದಂತೂ ದೂರದ ಮಾತು. ಶ್ಯಾಮ್‌ಗೆ ಆಫೀಸಿನಲ್ಲಿ ಆನ್‌ಕಾಲ್ ಡ್ಯೂಟಿ ಹಾಕಿದ್ದಾರೆ, ಅದೂ ಪ್ರತಿ ವಾರಾಂತ್ಯ. ಲಾವಣ್ಯಾಗೆ ಮಕ್ಕಳ ಸ್ವಿಮ್ಮಿಂಗ್. ದಿಬ್ಬ ಇನ್ನೂ ಅರ್ಧದಲ್ಲಿದೆ. ಎಲ್ಲರಿಗೂ ಒಂದೇ ಸಲ ಕಷ್ಟ ಬರಬೇಕಾ? ಪಾಪ, ಅವರನ್ನು ಏನು ಅನ್ನುವುದು. ಎಲ್ಲರೂ ಎಷ್ಟು ನಯವಾಗಿ ಹೇಳಿದರು ಗೊತ್ತಾ.

ಕೈಕಟ್ಟಿ ಕೂರುವವಳಲ್ಲ ನಾನು. ಮದುವೆ, ಸೀಮಂತಗಳಿಗೆ ಸ್ಟೇಜ್ ಅಲಂಕಾರ ಮಾಡುವ ಅತುಲ್ ಅನ್ನುವ ಹುಡುಗನನ್ನು ಕರೆಸಿದೆ. ಬಂದವನೇ "ಡೋಂಟ್ ವರಿ ಆಂಟೀಜಿ, ಗಣಪತಿ ಅಂಕಲ್ ಕೂಡ ರಿಲ್ಯಾಕ್ಸ್ ಮಾಡಲಿ" ಅಂತ ನಿಮ್ಮಪ್ಪನ ಕಡೆಗೂ ಕೈ ತೋರಿಸಿ ಹಿಂದಿಯಲ್ಲಿ ಹೇಳಿ ನನ್ನ ಕುರ್ಚಿಯಲ್ಲೇ ಕೂತ. ಈ ವಾರವೆಲ್ಲಾ ಅವನದೇ ಕಾರುಬಾರು. ದಿಬ್ಬಕ್ಕೆ ಬಣ್ಣಬಣ್ಣದ ದೀಪ ಸುತ್ತಿದ್ದಾನೆ. ಬಾಗಿಲಿಗೆ ಬಲೂನಿನ ಕಮಾನು ಕಟ್ಟುತ್ತಾನಂತೆ. ಬೇಡ ಅಂದರೆ "ಟ್ರಸ್ಟ್ ಮಿ ಆಂಟೀಜಿ" ಅನ್ನುತ್ತಾನೆ. ರೇಣು ಹೇಗೋ ಕಷ್ಟಪಟ್ಟು ನಡೆದುಕೊಂಡು ಬಂದು ನೋಡಿ, ನಿಂತ ಹಾಗೇ ವಾಪಸು ಹೋದಳು.

ನೀನಾದರೂ ಬಾ. ಕುದುರೆಯ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದನ್ನು ಇಟ್ಟುಕೊಂಡು ಅಮ್ಮನ ಜೊತೆ ಚೌಕಾಸಿ ಮಾಡುತ್ತೀಯಾ?

ಇಂತಿ,
ಅಮ್ಮ

ಪುಟ್ಟಿ, ಬಲೂನು ಬಹಳ ಇದೆ. ಕಾಪಾಡು. — ಅಪ್ಪ

ಜ್ಯಾಕ್ಸನ್ ಹೈಟ್ಸ್
16 ಆಗಸ್ಟ್ 2025

ಅಮ್ಮಾ,

ಸಿಟ್ಟು ಮಾಡಿಕೋಬೇಡ. ಮೊದಲೇ ಹೇಳ್ತಿದ್ದೀನಿ, ಪ್ರೀತಿಯಿಂದ ಬರೀತಿದ್ದೀನಿ.

ಹೋದ ಶನಿವಾರ ರೇಣು ಆಂಟಿ ಇಲ್ಲಿ ಎಪ್ಪತ್ತನಾಲ್ಕನೇ ಬೀದಿಗೆ ಸೀರೆ ತಗೊಳ್ಳೋಕೆ ಬಂದಿದ್ದರು. ನಾನು ಸಬ್‌ವೇ ಸ್ಟೇಷನ್ನಿಂದ ಹೊರಗೆ ಬರ್ತಿದ್ದೆ, ಅವರು ನನ್ನ ಮುಂದೆ ಇದ್ದರು. ಎಸ್ಕಲೇಟರ್ ಕೆಟ್ಟಿತ್ತು. ಅಷ್ಟೂ ಮೆಟ್ಟಿಲನ್ನ ಎರಡೆರಡಾಗಿ ಹಾರಿಕೊಂಡು ಹತ್ತಿದರು ಅಮ್ಮಾ! ನನಗೇ ಏದುಸಿರು ಬಂತು. ನನ್ನನ್ನ ನೋಡಿ ಮುಖ ಕೆಂಪಗೆ ಮಾಡಿಕೊಂಡು, "ಅಮ್ಮಂಗೆ ಹೇಳಬೇಡ ಕಣೆ" ಅಂದರು. ಟೀ ಕುಡಿಸಿದೆ. ಲಂಗದ ವಿಷಯ ಬಂತು. ಅವರು ಆ ಗುಲಾಬಿ ಬಟ್ಟೆ ತಮ್ಮ ಮಗಳ ಹಳೇ ಭರತನಾಟ್ಯದ ಡ್ರೆಸ್ಸಿಂದ ಕತ್ತರಿಸಿ ಹೊಲಿದಿದ್ದರಂತೆ. ನೀನು ಕೇಳಲಿಲ್ಲ, ಅವರು ಹೇಳಲಿಲ್ಲ. ನಿನ್ನ ಮೇಲೆ ಪ್ರೀತಿ ಇದೆ ಅಮ್ಮಾ ಅವರಿಗೆ. ನಿನ್ನ ಎದುರಿಗೆ ನಿಂತು ಹೇಳೋ ಧೈರ್ಯ ಇಲ್ಲ, ಅಷ್ಟೇ.

ಶ್ಯಾಮ್ ಅಂಕಲ್‌ಗೆ ಆನ್‌ಕಾಲ್ ಇಲ್ಲ ಅಂತ ನಾನು ಪಂಥ ಕಟ್ಟಬಲ್ಲೆ.

ನಿನ್ನ ಸರದಾರರೆಲ್ಲ ಪೆನುಕೊಂಡೆಗೆ ಹೋಗಿದ್ದಾರೆ. ನೀನು ಆದಿಲ್ ಷಾನನ್ನ ಕರೆಸಿ ನಿನ್ನ ಕುರ್ಚಿಯಲ್ಲಿ ಕೂರಿಸಿದ್ದೀಯ, ಅವನು ಬಲೂನು ಊದುತ್ತಿದ್ದಾನೆ. ಉದಾಹರಣೆ ಸಾಲದು ಅಂದೆಯಲ್ಲ, ತಗೋ.

ಇನ್ನೆರಡು ಮಾರ್ಕ್ಸ್ ಕೊಡ್ತೀಯಾ?

ನಿನ್ನ
ಪುಟ್ಟಿ

ವುಡ್‌ಬ್ರಿಡ್ಜ್
20 ಆಗಸ್ಟ್ 2025

ಇಂಚರಾ,

ಹೆತ್ತ ತಾಯಿಯನ್ನು ಕೊಲೆಗಡುಕನಿಗೆ ಹೋಲಿಸುವಷ್ಟು ಕನ್ನಡ ಕಲಿಸಿದ್ದು ನನ್ನದೇ ತಪ್ಪು.

ಯಾರಿಗಾಗಿ ಮಾಡುತ್ತಿದ್ದೇನೆ ಇದನ್ನೆಲ್ಲ? ಮೈಸೂರಿನಿಂದ ಬರುವಾಗ ಬಟ್ಟೆ ಬಿಟ್ಟು ಗೊಂಬೆ ತಂದವಳು ನಾನು. ಇಷ್ಟು ವರ್ಷ ಎಲ್ಲರೂ ಬಂದು, ತಿಂದು, ಹೊಗಳಿ, ಬಾಗಿನ ತೆಗೆದುಕೊಂಡು ಹೋದರು. ಈಗ ಟೀ ಅಂಗಡಿಯಲ್ಲಿ ಕೂತು ನನ್ನ ಮಗಳ ಹತ್ತಿರವೇ ನನ್ನ ಮೇಲೆ ದೂರು ಹೇಳುತ್ತಾರೆ. ಅತುಲ್‌ನನ್ನು ಬಲೂನು ಸಮೇತ ಕಳಿಸಿಬಿಟ್ಟೆ. ಯಾರೂ ಬೇಡ ನನಗೆ.

ಈ ವರ್ಷ ಗೊಂಬೆ ಇಲ್ಲ. ಯಾವ ವರ್ಷವೂ ಇಲ್ಲ. ಎಲ್ಲಾ ಪೆಟ್ಟಿಗೆಗಳನ್ನೂ ದೇವಸ್ಥಾನಕ್ಕೆ ಕೊಟ್ಟುಬಿಡುತ್ತೇನೆ, ಪಟ್ಟದ ಗೊಂಬೆಯನ್ನೂ ಸೇರಿಸಿ. ನನಗೂ ಬೇಡ, ನಿನಗೂ ಬೇಡ. ಗಣೇಶನ ಹಬ್ಬ ಆದ ಮೇಲೆ ವ್ಯಾನ್ ಬರುತ್ತೆ.

ಭಾನುಮತಿ

ಜ್ಯಾಕ್ಸನ್ ಹೈಟ್ಸ್
30 ಆಗಸ್ಟ್ 2025

ಅಮ್ಮಾ,

ಭಾನುಮತಿ ಅಂತ ಸಹಿ ಮಾಡಿದ್ದೀಯ. ಇಷ್ಟು ದಿನದಲ್ಲಿ ನನಗೆ ನಿಜವಾಗಿ ಭಯ ಆಗಿದ್ದು ಇವತ್ತು.

ತಮಾಷೆ ಮಾಡಲು ಹೋಗಿ ಅತಿ ಮಾಡಿದೆ. ನೀನು ಆ ತಿರುಮಲ ಅಲ್ಲ. ನಾವು ಇಲ್ಲಿಗೆ ಬಂದ ಮೊದಲ ಚಳಿಗಾಲ ನನಗೆ ನೆನಪಿದೆ. ಸ್ಕೂಲಲ್ಲಿ ಯಾರೂ ನನ್ನ ಜೊತೆ ಮಾತಾಡ್ತಿರಲಿಲ್ಲ, ನಾನು ಮನೆಗೆ ಬಂದು ಕಂಬಳಿ ಹೊದ್ದು ಮಲಗ್ತಿದ್ದೆ. ನವರಾತ್ರಿ ಮುಗಿದು ಎಷ್ಟೋ ದಿನ ಆಗಿತ್ತು. ಡಿಸೆಂಬರಿನ ಹಿಮದಲ್ಲಿ ನೀನು ಪೆಟ್ಟಿಗೆ ಬಿಚ್ಚಿ, ಬರೀ ನನಗೋಸ್ಕರ, ಸೋಫಾ ಪಕ್ಕ ಒಂದೇ ಒಂದು ಮೆಟ್ಟಿಲು ಗೊಂಬೆ ಕೂರಿಸಿದೆ. "ಇವರೆಲ್ಲ ನಿನ್ನ ಫ್ರೆಂಡ್ಸು, ಇವರ ಜೊತೆ ಕನ್ನಡದಲ್ಲಿ ಮಾತಾಡು" ಅಂದೆ. ಆ ಅಮ್ಮನನ್ನ ಬಿಟ್ಟುಕೊಡೋಕೆ ನಾನು ತಯಾರಿಲ್ಲ.

ಆದರೆ ಆ ತಿರುಮಲನ ಕೊನೆಯನ್ನ ನೀನು ಮಕ್ಕಳಿಗೆ ಹೇಳಲ್ಲ ಅಂತ ಬರೆದಿದ್ದೆಯಲ್ಲ, ಅದನ್ನ ನಾನೇ ಹುಡುಕಿ ಓದಿದೆ. ಹಳೇ ಪಾರ್ಸಿ ಭಾಷೆಯ ಚರಿತ್ರೆಯೊಂದರಲ್ಲಿ ಇದೆ. ಸರದಾರರೆಲ್ಲ ಒಟ್ಟಾಗಿ ಬಂದು ಊರು ಮುತ್ತಿದಾಗ, ಇನ್ನು ತನಗೆ ಉಳಿಗಾಲ ಇಲ್ಲ ಅಂತ ಗೊತ್ತಾದಾಗ, ಅವನು ಲಾಯದಲ್ಲಿದ್ದ ಆನೆ ಕುದುರೆಗಳ ಕಣ್ಣು ಕೀಳಿಸಿದನಂತೆ. ಮುತ್ತು ರತ್ನಗಳನ್ನ ಬೀಸೋ ಕಲ್ಲಲ್ಲಿ ಹಾಕಿ ಪುಡಿ ಮಾಡಿಸಿದನಂತೆ. ತನಗೆ ಸಿಗದಿದ್ದ ಮೇಲೆ ಯಾರಿಗೂ ಸಿಗಬಾರದು ಅಂತ. ಎಷ್ಟು ನಿಜವೋ ಸುಳ್ಳೋ ನೀನೇ ಹೇಳಬೇಕು. ಆದರೆ ಅವನ ನಂತರ ಬಂದೋರಿಗೆ ಸಿಕ್ಕಿದ್ದು ಕುರುಡು ಕುದುರೆಗಳು.

ದೇವಸ್ಥಾನಕ್ಕೆ ಕೊಡೋದು ಪುಣ್ಯದ ಕೆಲಸ ಅಮ್ಮಾ. ನನಗೂ ಬೇಡ ನಿನಗೂ ಬೇಡ ಅಂತ ಕೊಡೋದು ಬೇರೆ.

ಕುರುಡು ಕುದುರೆ ಅಂತ ಓದಿದಾಗ ನಮ್ಮನೆ ಕುದುರೆ ನೆನಪಾಯಿತು. ಅದಕ್ಕೆ ಯಾಕೆ ಕಣ್ಣಿರಲಿಲ್ಲ ಅಂತ ನೀನು ಒಂದು ಸಲ, ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಹೇಳಬೇಡ, ಅವರು ನೊಂದುಕೋತಾರೆ ಅಂತ ಮಿಹಿರ್ ನನ್ನ ಹತ್ತಿರ ಮಾತು ತಗೊಂಡಿದ್ದಾನೆ. ಅದಕ್ಕೇ ಹೇಳಿಲ್ಲ. ಅಪ್ಪನಿಗೆ ಗೊತ್ತು. ಕೇಳು.

ವ್ಯಾನ್ ಬರೋ ಮುಂಚೆ ಕೇಳು ಅಮ್ಮಾ.

ನಿನ್ನ
ಪುಟ್ಟಿ

ವುಡ್‌ಬ್ರಿಡ್ಜ್
14 ಸೆಪ್ಟೆಂಬರ್ 2025

ನನ್ನ ಪುಟ್ಟಿಗೆ ಅಮ್ಮನ ಆಶೀರ್ವಾದ, ಮುದ್ದು, ಎಲ್ಲ.

ಕೇಳಿದೆ. ನಿಮ್ಮಪ್ಪ ಪೇಪರ್ ಹಿಂದೆ ಮುಖ ಮುಚ್ಚಿಕೊಂಡರು. ಪೇಪರ್ ಕಿತ್ತುಕೊಂಡೆ. ಆಗ ಹೇಳಿದರು. ಹೋದ ವರ್ಷ ಬರುವ ಮುಂಚೆ ಮಿಹಿರ್ ಇವರಿಗೆ ಫೋನ್ ಮಾಡಿದ್ದನಂತೆ. "ಅಂಕಲ್, ಗೊಂಬಿ ಕಣ್ಣಿಗೆ ಆಂಟಿ ಯಾವ ಬಣ್ಣ ಹಚ್ಚತಾರ್ರಿ? ನಿಮ್ಮ ಮನ್ಯಾಗ ಕಣ್ಣು ಬರಿಯೋದು ಅವರೊಬ್ಬರೇ ಅಂತ ಇಂಚರಾ ಹೇಳಿದ್ಲು. ಅದಕ್ಕ ನಾ ಕುದುರಿ ಕಣ್ಣು ಖಾಲಿ ಬಿಟ್ಟೀನಿ, ಅವರ ಕೈಲೇ ಆಗ್ಲಿ ಅಂತ" ಅಂದನಂತೆ.

ಅವತ್ತೇ ಯಾಕೆ ಹೇಳಲಿಲ್ಲ ಅಂತ ನಿಮ್ಮಪ್ಪನ ಮೇಲೆ ರೇಗಿದೆ. "ಹೇಳೋಕೆ ಬಾಯಿ ತೆಗೆದೆ ಭಾನು. ನೀನು ನನ್ನ ಕಡೆ ಒಂದು ಸಲ ನೋಡಿದೆ. ಮುಚ್ಚಿಕೊಂಡೆ" ಅಂದರು. ಆಮೇಲೆ ಹೇಳಿದರೆ ನಾನು ಕೊರಗುತ್ತೇನೆ ಅಂತ ಸುಮ್ಮನಾದರಂತೆ. ಮೂವತ್ತೆರಡು ವರ್ಷ ಸಂಸಾರ ಮಾಡಿದ ಗಂಡ ಕಣೆ! ನನಗೆ ಒಂದು ನಿಜ ಹೇಳಲು ಹೆದರಿಕೊಂಡು ವರ್ಷ ಕಳೆದರು. ಅಡುಗೆಮನೆಗೆ ಹೋಗಿ ಅತ್ತೆ. ನಿನ್ನ ಉತ್ತರಕ್ಕೆ ಮೂರು ಅಂಕ ಕೊಟ್ಟಿದ್ದೆನಲ್ಲ, ತಿದ್ದಿಕೊ. ಐದಕ್ಕೆ ಐದು.

ಆ ತಿರುಮಲನ ಕೊನೆಯ ವಿಷಯ ಕೇಳಿದ್ದೆಯಲ್ಲ. ಪಾರ್ಸಿ ಚರಿತ್ರೆ ನೀನು ಹೇಳಿದ ಹಾಗೇ ಹೇಳುತ್ತೆ, ಕೊನೆಗೆ ಕತ್ತಿಯ ಮೇಲೆ ತಾನೇ ಬಿದ್ದು ಸತ್ತನೆಂದೂ ಸೇರಿಸುತ್ತೆ. ನಮ್ಮ ಕಡೆಯವು ಯುದ್ಧದಲ್ಲಿ ಸತ್ತ ಅನ್ನುತ್ತವೆ. ಯಾವುದು ನಿಜವೋ, ಕುದುರೆಗಳ ಮಾತು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ವ್ಯಾನಿನವನಿಗೆ ಬರಬೇಡ ಅಂತ ಹೇಳಿದ್ದೇನೆ.

ಬೇಸ್‌ಮೆಂಟಿಗೆ ಹೋಗಿ ಕುದುರೆ ತೆಗೆದೆ. ಬಿಸಾಡಿರಲಿಲ್ಲ, ನನ್ನ ಹಳೆಯ ಸೀರೆಯಲ್ಲೇ ಸುತ್ತಿಟ್ಟಿದ್ದೆ. ಯಾಕೆ ಹಾಗೆ ಸುತ್ತಿಟ್ಟೆನೋ ನನಗೇ ಗೊತ್ತಿಲ್ಲ. ಕಿಟಕಿ ಬೆಳಕಿನಲ್ಲಿ ಹಿಡಿದು ನೋಡಿದೆ. ಕಣ್ಣಿನ ಜಾಗ ಮಾತ್ರ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದಾನೆ, ಬಣ್ಣ ಚೆನ್ನಾಗಿ ಹಿಡಿಯಲಿ ಅಂತ. ಅರ್ಧ ಮಾಡಿದ ಕೆಲಸ ಅಂತ ಬರೆದಿದ್ದೆ ನಾನು. ಅದು ನನಗಾಗಿ ಉಳಿಸಿದ ಕೆಲಸ.

ಆಮೇಲೆ ಗುಲಾಬಿ ಲಂಗಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ರೇಣು ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ರೇಣು, ನನ್ನ ಬಾಯಿ ಸರಿಯಾದರೆ ನಿನ್ನ ಮೊಣಕಾಲು ಸರಿಯಾಗುತ್ತಾ?" ಅಂದೆ. ಅವಳು ಮೊದಲು ಪೆಚ್ಚಾದಳು, ಆಮೇಲೆ ನಗು ತಡೆಯಲಾರದೆ ಹೊಸಿಲ ಮೇಲೇ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ವಿಜಯನಗರದಲ್ಲಿ ಗುಲಾಬಿ ಲಂಗ ಇತ್ತು ಅಂತಲೇ ಈ ವರ್ಷ ಎಲ್ಲರಿಗೂ ಹೇಳುವುದು ಅಂತ ತೀರ್ಮಾನವಾಗಿದೆ. ಶ್ಯಾಮ್ ದಿಬ್ಬ ಮುಗಿಸಿದ. ಸ್ವಲ್ಪ ವಾಲಿದೆ. ಏನೋ ಅನ್ನಲು ಬಾಯಿ ತೆಗೆದೆ, ಲಾವಣ್ಯಾ ನನ್ನ ಮುಖ ನೋಡಿದಳು, ಕಾಫಿ ಕೊಡಲಾ ಅಂತ ಕೇಳಿದೆ.

ಇವತ್ತು ಕುಂಚ ತೊಳೆದು ಕುದುರೆಗೆ ಕಣ್ಣು ಬರೆಯಲು ಕೂತೆ. ಒಂದು ಬರೆದೆ. ಚೆನ್ನಾಗಿ ಬಂತು ಕಣೆ, ಮುದ್ದಾಗಿ ನೋಡುತ್ತೆ. ಎರಡನೆಯದಕ್ಕೆ ಕೈ ಎತ್ತಿದವಳು ಹಾಗೇ ಇಳಿಸಿದೆ. ನಾವಿಬ್ಬರೂ ಪಟ್ಟದ ಗೊಂಬೆ ಕೂರಿಸುವ ಜಾಗದ ಎದುರಿಗೆ, ಮೊದಲ ಮೆಟ್ಟಿಲ ಮೇಲೆ ಅದನ್ನು ಇಟ್ಟು, ಪಕ್ಕದಲ್ಲಿ ಕುಂಚ, ಕಪ್ಪು ಬಣ್ಣ ಇಟ್ಟಿದ್ದೇನೆ. ಇನ್ನೊಂದು ಕಣ್ಣು ನೀನು ಬರೆಯುತ್ತೀಯೋ ಅವನು ಬರೆಯುತ್ತಾನೋ, ನೀವಿಬ್ಬರೇ ಮಾತಾಡಿಕೊಳ್ಳಿ. ಸೊಟ್ಟಗಾದರೂ ಪರವಾಗಿಲ್ಲ.

ನಾನು ಆ ಹೊತ್ತಿಗೆ ಅಡುಗೆಮನೆಯಲ್ಲಿರುತ್ತೇನೆ. ಇಣುಕಿ ನೋಡುವುದಿಲ್ಲ. ಇಣುಕಿದರೆ, "ಭಾನು, ಒಳಗೆ ಹೋಗು" ಅಂತ ಎಲ್ಲರ ಮುಂದೆ ಜೋರಾಗಿ ಹೇಳಬೇಕು ಅಂತ ನಿಮ್ಮಪ್ಪನಿಗೆ ಹೇಳಿದ್ದೇನೆ. ಪಾಪ, ಬೆಳಿಗ್ಗೆಯಿಂದ ಗರಾಜಿನಲ್ಲಿ ಒಬ್ಬರೇ ಪ್ರಾಕ್ಟೀಸ್ ಮಾಡುತ್ತಿದ್ದಾರೆ.

ನಿನ್ನ,
ಅಮ್ಮ